ಬಾಗಿನದ ಮೊರಕ್ಕೆ ಯಾಕೆ ಚೌಕಾಸಿ?

ಗೌರಿ ಹಬ್ಬ ಬಂತು ಅಂದರೆ ನಮ್ಮ ಹಾಸನ ಸೀಮೆಯ ಹೆಣ್ಣುಮಕ್ಕಳು ತವರಿನ ಬಾಗಿನಕ್ಕೆ ಕಾಯುತ್ತಾರೆ. ಸೀರೆ, ಬಳೆ, ಹಣ್ಣು, ಬೈಕಿಗೆ ಪೆಟ್ರೋಲು, ಯಾವುದಕ್ಕೂ ಅಣ್ಣತಮ್ಮಂದಿರು ಲೆಕ್ಕ ನೋಡುವುದಿಲ್ಲ. ಲೆಕ್ಕ ಶುರುವಾಗುವುದು ರಸ್ತೆ ಬದಿಯಲ್ಲಿ ಮೊರ ಜೋಡಿಸಿಕೊಂಡು ಕೂತ ಹೆಂಗಸಿನ ಮುಂದೆ. 'ಜೊತೆಗೆ ಇಪ್ಪತ್ತು ರೂಪಾಯಿ ಕಮ್ಮಿ ಮಾಡ್ಕೊ.' ಸೀರೆ ಅಂಗಡಿಯಲ್ಲಿ 'ಒಂದೇ ಬೆಲೆ' ಬೋರ್ಡು ನೋಡಿ ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟವರೇ ಇವರು. ಫೋನಿನಲ್ಲಿ ತರಿಸಿದ ಸಾಮಾನಿಗೆ ಡೆಲಿವರಿ ಚಾರ್ಜನ್ನೂ ಸೇರಿಸಿ ಕಟ್ಟಿದವರೂ ಇವರೇ.

ಇದು ನಾಚಿಕೆಗೇಡು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಮೊರ ಹೇಗೆ ಆಗುತ್ತದೆ ಅಂತ ಒಮ್ಮೆ ಕೂತು ನೋಡಿ. ಬಿದಿರು ತಂದು, ಗಿಣ್ಣು ನೋಡಿ ತುಂಡು ಮಾಡಿ, ಉದ್ದಕ್ಕೆ ಸೀಳಬೇಕು. ಒಳಗಿನ ತಿರುಳು ಬೇರೆ, ಹೊರಗಿನ ಹಸಿರು ಸಿಪ್ಪೆ ಬೇರೆ. ಸೀಳನ್ನು ಕತ್ತಿಯಲ್ಲಿ ಹೆರೆದು ಹೆರೆದು ತೆಳ್ಳಗೆ ಮಾಡಬೇಕು. ಆಮೇಲೆ ಹೆಣೆಯುವುದು, ಮೂರು ಕಡೆ ಎತ್ತರಿಸುವುದು, ಅಂಚು ಕಟ್ಟುವುದು. ಸೀಳು ತಾಗಿ ಕೈ ಕುಯ್ದುಕೊಳ್ಳುವುದಂತೂ ದಿನದ ಮಾತು. ಅಕ್ಕಿ ಕೇರುವಾಗ ಹೊಟ್ಟು ಹಾರಿ ಕಾಳು ಉಳಿಯುವಷ್ಟು ಆ ಇಳಿಜಾರು ಸರಿಯಾಗಿರಬೇಕು. ಅದಕ್ಕೆ ಅಳತೆಪಟ್ಟಿ ಇಲ್ಲ, ಕಣ್ಣಳತೆ ಅಷ್ಟೇ.

ಈಗ ಒಂದು ಲೆಕ್ಕ ಹಾಕೋಣ. ಜೊತೆಗೆ 150 ರೂಪಾಯಿ, ದಿನಕ್ಕೆ ಮೂರು ಜೊತೆ ಅಂತ ಇಟ್ಟುಕೊಳ್ಳಿ, 450 ಆಯಿತು. ಬಿದಿರಿಗೆ, ಸಾಗಿಸುವುದಕ್ಕೆ ಜೊತೆಗೆ 40ರಂತೆ ಕಳೆದರೆ ಉಳಿಯುವುದು 330. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ನಮ್ಮ ರಾಜ್ಯದ ದಿನಗೂಲಿಯೇ 370. ಅಂದರೆ ಕೇಳಿದ ಬೆಲೆ ಪೂರ್ತಿ ಕೊಟ್ಟರೂ ಮಣ್ಣು ಹೊರುವ ಕೂಲಿ ಹುಟ್ಟುವುದಿಲ್ಲ. ಅದರಲ್ಲಿ ನಾವು ಜೊತೆಗೆ ಇಪ್ಪತ್ತು ಕಿತ್ತುಕೊಂಡರೆ 270. ಗಂಡ ಸೀಳಿ ಹೆಂಡತಿ ಹೆಣೆದರೆ ಅದೂ ಇಬ್ಬರ ಸಂಬಳ. ಇದಾದ ಮೇಲೂ 'ಮೇದರು ಯಾಕೆ ಮಕ್ಕಳಿಗೆ ಕಸುಬು ಕಲಿಸ್ತಿಲ್ಲ' ಅಂತ ಕೇಳುತ್ತೇವೆ. ಯಾಕೆ ಕಲಿಸಬೇಕು ಹೇಳಿ?

ಮಾತಿನ ವಿಷಯ ಇನ್ನೊಂದಿದೆ. ಪಾರ್ಸೆಲ್ ತಂದ ಹುಡುಗನಿಗೆ 'ಬನ್ನಿ, ಹೋಗಿ'. ಅರವತ್ತು ದಾಟಿದ ಮೊರದವರಿಗೆ 'ಏನಮ್ಮ, ಎಷ್ಟಕ್ಕೆ ಕೊಡ್ತೀಯ'. ಅವರ ಕೈಯ ಮೊರಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ಗೌರಮ್ಮನ ಮುಂದೆ ಇಡುತ್ತೇವೆ. ಮೊರಕ್ಕೆ ಇರುವ ಮರ್ಯಾದೆ ಹೆಣೆದವರಿಗೆ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಇದೇ ಕಾಯಕದ ಮೇದಾರ ಕೇತಯ್ಯನನ್ನು ಶರಣ ಅಂತ ಕರೆದ ನಾಡು ಇದು. ಜಯಂತಿ ಭಾಷಣದಲ್ಲಿ ಕಾಯಕವೇ ಕೈಲಾಸ, ಸಂತೆಯಲ್ಲಿ ಏಕವಚನ.

ಈಗ ಪ್ಲಾಸ್ಟಿಕ್ ಮೊರ ಬಂದಿದೆ. ಗಿಲೀಟು ಲೇಸು ಅಂಟಿಸಿದ ಅಂಗೈಯಗಲದ 'ಬಾಗಿನ ಸೆಟ್' ಕೂಡ ಬಂದಿದೆ. ಅದರಲ್ಲಿ ಒಂದು ಹಿಡಿ ಅಕ್ಕಿ ಕೇರಲೂ ಆಗುವುದಿಲ್ಲ. ಬಾಗಿನದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ ಎಲ್ಲ ಇಡುವುದು ಹೆಣ್ಣುಮಗಳ ಮನೆಗೆ ಬೇಕಾದದ್ದು ಅಂತ. ಹಬ್ಬ ಮುಗಿದ ಮೇಲೂ ಬಿದಿರ ಮೊರ ವರ್ಷಗಟ್ಟಲೆ ಅಡುಗೆಮನೆಯಲ್ಲಿ ದುಡಿಯುತ್ತದೆ. ಮೆಂತ್ಯೆ ರುಬ್ಬಿ ಬಳಿದರೆ ಇನ್ನೂ ಬಾಳಿಕೆ. ಲೇಸಿನ ಮೊರ ಅಟ್ಟಕ್ಕೆ ಹೋಗುತ್ತದೆ, ಅಲ್ಲಿಂದ ತಿಪ್ಪೆಗೆ.

ತಿಪ್ಪೆಗೆ ಹೋದರೆ ಪುಣ್ಯ, ನೀರಿಗೂ ಹೋಗುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿದ ಮೇಲೆ ಶೆಟ್ಟಿಹಳ್ಳಿ ಹಿನ್ನೀರಿನ ಊರಾಯಿತು. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವುದು ಎಲ್ಲರಿಗೂ ಗೊತ್ತು. ಅದೇ ಜಲಾಶಯ ತುಂಬಿದರೆ ಮಂತ್ರಿಗಳು ಬಂದು ಬಾಗಿನ ಬಿಡುತ್ತಾರೆ. ಬಿದಿರು ನೀರಿಗೆ ಬಿದ್ದರೆ ಕೊಳೆತು ಮಣ್ಣಾಗುತ್ತದೆ. ಪ್ಲಾಸ್ಟಿಕ್ಕು ಮೊಮ್ಮಕ್ಕಳ ಕಾಲಕ್ಕೂ ತೇಲುತ್ತಿರುತ್ತದೆ. ಗಣಪತಿಯದೂ ಇದೇ ಕತೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಬೇಡ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಹೇಳಿದೆ. ಕುಂಬಾರರು ಕೆರೆ ಮಣ್ಣಿನಲ್ಲಿ ಮಾಡಿದ ಮೂರ್ತಿ ಕೆರೆಗೇ ವಾಪಸು ಹೋಗುತ್ತದೆ.

ಇದು ಹಿಂದೂಗಳ ಹಬ್ಬದ ಮಾತು ಮಾತ್ರ ಅಂದುಕೊಳ್ಳಬೇಡಿ. ಕ್ರಿಸ್‌ಮಸ್ಸಿಗೆ ಬಿದಿರ ಕಡ್ಡಿ ಕಟ್ಟಿ, ಬಣ್ಣದ ಕಾಗದ ಅಂಟಿಸಿ ಮಾಡುತ್ತಿದ್ದ ನಕ್ಷತ್ರದ ಜಾಗಕ್ಕೂ ಪ್ಲಾಸ್ಟಿಕ್ ನಕ್ಷತ್ರ ಬಂದಿದೆ. ಗೋದಲಿಯ ಮಣ್ಣಿನ ಬೊಂಬೆಗಳ ಜಾಗಕ್ಕೂ ಅಷ್ಟೇ. ಹಿನ್ನೀರು ನೋಡಲು ಬರುವವರು ಫೋಟೋ ತೆಗೆದುಕೊಂಡು, ಚಿಪ್ಸ್ ಪೊಟ್ಟಣ ಬಿಸಾಕಿ ಹೋಗುತ್ತಾರೆ. ಅವರನ್ನು ಬೈಯುವುದು ಸುಲಭ. ಊರಿನ ಕೈಯಲ್ಲಿ ಆದದ್ದನ್ನು ಊರಿನವರೇ ಕೊಳ್ಳದಿದ್ದರೆ ಅವರಿಗೆ ಯಾರು ತೋರಿಸಬೇಕು? ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಮಗಾಗಿಯೇ ಹುಟ್ಟಿದ್ದು.

'ನಮಗೂ ಕಷ್ಟ ಇದೆ, ಶುಂಠಿ ಬೆಲೆ ಬಿದ್ದೋಯ್ತು' ಅಂತೀರಿ. ನಿಜ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಹೆಚ್ಚು ಖರ್ಚು ಮಾಡಿ ಅಂತ ಯಾರು ಹೇಳಿದರು? ಗೃಹಪ್ರವೇಶ, ನಾಮಕರಣ ಅಂದರೆ ಇನ್ನೂರು ಪ್ಲಾಸ್ಟಿಕ್ ಡಬ್ಬಿ ತಂದು ತಾಂಬೂಲದ ಜೊತೆ ಹಂಚುತ್ತೇವೆ. ಯಾರ ಮನೆಯಲ್ಲೂ ಅದಕ್ಕೆ ಜಾಗವಿಲ್ಲ. ಅದೇ ದುಡ್ಡಿನಲ್ಲಿ ನೂರು ಪುಟ್ಟ ಬುಟ್ಟಿ ಹೆಣೆಸಿ ಹತ್ತಿರದವರಿಗೆ ಮಾತ್ರ ಕೊಡಿ. ಮಗುವಿನ ಹುಟ್ಟುಹಬ್ಬಕ್ಕೆ ಬ್ಯಾಟರಿ ಕಾರಿನ ಬದಲು ಚನ್ನಪಟ್ಟಣದ ಬುಗುರಿ ತನ್ನಿ. ಆಲೆ ಮರದ್ದು, ಅರಗಿನ ಬಣ್ಣದ್ದು, ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಿಂದ ಬಹಳ ದೂರವೇನಿಲ್ಲ.

ಸರ್ಕಾರ ನೋಡಿಕೊಳ್ಳಲಿ ಅನ್ನುವವರಿಗೂ ಒಂದು ಮಾತು. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರಿನಲ್ಲಿ ಬಂತು. ಹದಿನೆಂಟು ಕಸುಬುಗಳಲ್ಲಿ ಬುಟ್ಟಿ ಹೆಣೆಯುವವರೂ ಕುಂಬಾರರೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿ, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ. ಗೊತ್ತಿಲ್ಲದವರಿಗೆ ಹೇಳಿ, ಅರ್ಜಿ ಹಾಕಿಸಿ. ಹೊಲದಲ್ಲಿ ಬೆಳೆದ ಬಿದಿರು 2017ರ ಕಾನೂನು ತಿದ್ದುಪಡಿಯ ನಂತರ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಮರವಲ್ಲ, ಬದುವಿನ ಮೇಲೆ ನಾಲ್ಕು ಬುಡ ನೆಡುವುದಕ್ಕೂ ಅಡ್ಡಿಯಿಲ್ಲ. ಆದರೆ ಯೋಜನೆ ಕತ್ತಿ ಕೊಡುತ್ತದೆ, ಸಾಲ ಕೊಡುತ್ತದೆ, ಗಿರಾಕಿಯನ್ನು ಕೊಡುವುದಿಲ್ಲ. ಗಿರಾಕಿ ಇಲ್ಲದವರಿಗೆ ಸಾಲ ಕೊಟ್ಟರೆ ಏನಾಗುತ್ತದೆ ಅಂತ ರೈತರ ಮಕ್ಕಳಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಪೇಟೆಗೆ ಹೋದರೂ ಹಬ್ಬದ ಹಿಂದಿನ ಸಂಜೆ ಹೋಗಬೇಡಿ. ಆಗ ಅವರಿಗೂ ಆತುರ, ನಿಮಗೂ ಆತುರ, ಉಳಿದ ಮೊರವನ್ನು ಅವರು ಸಿಕ್ಕಷ್ಟಕ್ಕೆ ಕೊಟ್ಟು ಎದ್ದು ಹೋಗುವ ಹೊತ್ತು ಅದು. ತಿಂಗಳು ಮುಂಚೆ ಹೋಗಿ ನಾಲ್ಕು ಮನೆಯವರು ಸೇರಿ ಹೇಳಿ, ಅರ್ಧ ದುಡ್ಡು ಮುಂಗಡ ಕೊಡಿ. ಆ ದುಡ್ಡಿಗೆ ಬಿದಿರು ಬರುತ್ತದೆ, ಬಡ್ಡಿಗೆ ತರುವುದು ತಪ್ಪುತ್ತದೆ. ಮೊರ ಕೊಳ್ಳುವಾಗ ಬೆಳಕಿಗೆ ಹಿಡಿದು ಹೆಣಿಗೆ ಬಿಗಿಯಿದೆಯಾ ನೋಡಿ, ಅಂಚನ್ನು ಬೆರಳಲ್ಲಿ ಒತ್ತಿ ನೋಡಿ. ಸಡಿಲ ಇದ್ದರೆ ಬೇರೆ ಕೊಡಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಬಿಗಿಯಿದ್ದರೆ ಅವರು ಹೇಳಿದಷ್ಟು ಎಣಿಸಿ ಕೊಡಿ.