ಮೊದಲು ಅವರಿಗೇ ಒಂದು ಫೋನ್ ಮಾಡಿ

ಹೋದ ವರ್ಷ ಮಳೆಗಾಲದ ಒಂದು ಸಂಜೆ. ಆಫೀಸ್ ಕ್ಯಾಬ್ ಸಿಲ್ಕ್ ಬೋರ್ಡ್ ಹತ್ತಿರ ನಿಂತು ಇಪ್ಪತ್ತು ನಿಮಿಷ ಆಗಿತ್ತು. ಫೋನ್‌ಗೆ ಒಂದು ಸ್ಕ್ರೀನ್‌ಶಾಟ್ ಬಂತು. ಧಾರವಾಡ ಕಡೆಯ ನಮ್ಮೂರ ಸಭೆಯ ಹಿರಿಯರೊಬ್ಬರು ದೇವಾಲಯದ ಛಾವಣಿ ರಿಪೇರಿಗೆ ಕೂಡಿಸಿದ ಹಣದಲ್ಲಿ ಸ್ವಂತ ಮನೆಗೆ ಟೈಲ್ಸ್ ಹಾಕಿಸಿಕೊಂಡಿದ್ದಾರೆ ಅಂತ ಅದರಲ್ಲಿತ್ತು. ಬರೆದವರ ಹೆಸರಿರಲಿಲ್ಲ. ನಾನು ಅದನ್ನು ನಮ್ಮ ಯೌವನಸ್ಥರ ಕೂಟದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೆಳಗೆ ಎರಡೇ ಪದ ಬರೆದೆ: ‘ಇದು ನಿಜವೇ?’

ಪ್ರಶ್ನೆ ತಾನೇ ಕೇಳಿದ್ದು, ಆರೋಪ ಮಾಡಿಲ್ಲವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ನೆನಪಾಯಿತು, ಆದಿಕಾಂಡದ 3ನೇ ಅಧ್ಯಾಯದಲ್ಲಿ ಸರ್ಪವೂ ಮಾತು ಶುರು ಮಾಡಿದ್ದು ಒಂದು ಪ್ರಶ್ನೆಯಿಂದಲೇ.

ನಾನು ಮನೆ ಸೇರುವಷ್ಟರಲ್ಲಿ ಗ್ರೂಪಿನಲ್ಲಿ ಎಪ್ಪತ್ತು ಮೆಸೇಜ್. ರಾತ್ರಿ ಖಜಾಂಚಿ ಬಿಲ್ಲುಗಳ ಫೋಟೊ ಹಾಕಿದರು. ಛಾವಣಿಯ ಹಣ ಪೂರ್ತಿ ಕಂತ್ರಾಟುದಾರರ ಖಾತೆಗೇ ಹೋಗಿತ್ತು. ಟೈಲ್ಸ್ ಹಾಕಿಸಿದ್ದು ಹಿರಿಯರ ಮಗ, ತನ್ನ ಸಾಲದಲ್ಲಿ. ನಾನು ಗಡಿಬಿಡಿಯಲ್ಲಿ ‘ಡಿಲೀಟ್ ಫಾರ್ ಎವೆರಿಒನ್’ ಒತ್ತಿದೆ. ಅಷ್ಟರಲ್ಲಿ ಅದು ಬೇರೆ ಗ್ರೂಪುಗಳಿಗೆ ಹೋಗಿಯಾಗಿತ್ತು. ‘ತಪ್ಪಾಯಿತು, ಕ್ಷಮಿಸಿ’ ಎಂದು ಬರೆದೆ. ಅದಕ್ಕೆ ಬಂದದ್ದು ಎರಡು ಥಂಬ್ಸ್ ಅಪ್. ಸುಳ್ಳಿಗೆ ಎಪ್ಪತ್ತು, ಸತ್ಯಕ್ಕೆ ಎರಡು.

ಮುಂದಿನ ಭಾನುವಾರ ಆ ಹಿರಿಯರು ಆರಾಧನೆಗೆ ಬರಲಿಲ್ಲ ಅಂತ ಅವ್ವ ಫೋನಿನಲ್ಲಿ ಹೇಳಿದಳು. ಅದರ ಮುಂದಿನ ವಾರವೂ ಬರಲಿಲ್ಲ.

ನನ್ನ ಉದ್ಯೋಗದ ಬಗ್ಗೆ ಇಲ್ಲಿ ಹೇಳಲೇಬೇಕು. ನಾನು ಒಂದು ಆ್ಯಪ್‌ನ ನೋಟಿಫಿಕೇಶನ್ ಟೀಮಿನಲ್ಲಿ ಕೆಲಸ ಮಾಡ್ತೀನಿ. ಯಾರಾದರೂ ಮೂರು ದಿನ ಆ್ಯಪ್ ತೆರೆಯದಿದ್ದರೆ ಅವರಿಗೆ ಯಾವ ಹೊತ್ತಿಗೆ, ಯಾವ ಮಾತಿನಲ್ಲಿ ಕರೆದರೆ ವಾಪಸ್ ಬರ್ತಾರೆ ಅಂತ ನೋಡೋದು ನಮ್ಮ ಕೆಲಸ. ಅರ್ಧ ಜನಕ್ಕೆ ಒಂದು ಥರದ ಮೆಸೇಜ್, ಇನ್ನರ್ಧ ಜನಕ್ಕೆ ಇನ್ನೊಂದು ಥರ. ಯಾವುದಕ್ಕೆ ಹೆಚ್ಚು ಬೆರಳು ಬಿತ್ತೋ ಅದೇ ಮುಂದೆ ಎಲ್ಲರಿಗೂ. ಮೆಸೇಜ್ ಓದಿ ಜನಕ್ಕೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಅನ್ನೋದಕ್ಕೆ ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಕಾಲಂ ಇಲ್ಲ. ಕೊನೆಯೇ ಇಲ್ಲದ ಸ್ಕ್ರಾಲ್ ಅನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ಅವರ ಮಾತು ನನಗೆ ಚೆನ್ನಾಗಿ ಅರ್ಥ ಆಗತ್ತೆ.

ಆದರೂ ಎಲ್ಲ ತಪ್ಪನ್ನೂ ಆ್ಯಪ್ ಮೇಲೆ ಹಾಕಿ ಕೈ ತೊಳೆದುಕೊಳ್ಳೋಕೆ ಆಗಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು ಗುಂಪು ಹೊಡೆದು ಕೊಂದಿತು. ಆತ ಮತ್ತು ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ‘ಮಕ್ಕಳ ಕಳ್ಳರು’ ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ಪ್ರಕಟಿಸಿತು. ಮಿತಿ ಐದಾದರೂ ಒಂದಾದರೂ, ಬಟನ್ ಒತ್ತೋದು ನಮ್ಮ ಬೆರಳೇ. ಜ್ಞಾನೋಕ್ತಿಗಳ 26ನೇ ಅಧ್ಯಾಯ ಚಾಡಿಯನ್ನು ಸೌದೆಗೆ ಹೋಲಿಸುತ್ತದೆ. ಸೌದೆ ಹಾಕೋರು ಇಲ್ಲದಿದ್ದರೆ ಬೆಂಕಿ ತಾನಾಗಿ ಆರತ್ತೆ.

ನನಗೆ ದಾರಿ ತೋರಿಸಿದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ. ಚಿಕ್ಕಂದಿನಿಂದ ಕೇಳಿದ್ದೇ, ಆದರೆ ಫೋನಿನ ಜೊತೆ ಸೇರಿಸಿ ಎಂದೂ ಯೋಚಿಸಿರಲಿಲ್ಲ. ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನ ಹತ್ತಿರ ಮಾತಾಡು ಅಂತ ಯೇಸುಸ್ವಾಮಿ ಹೇಳ್ತಾರೆ. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಮಾತ್ರ ಸಭೆಗೆ ತಿಳಿಸು. ನಾನು ಮಾಡಿದ್ದೇನು? ಮೊದಲೇ ಸಭೆಗೆ ತಿಳಿಸಿದೆ. ಆಮೇಲೆ ಇಬ್ಬರು ಮೂವರು ನನಗೆ ಪರ್ಸನಲ್ ಮೆಸೇಜ್ ಮಾಡಿ ಚರ್ಚಿಸಿದರು. ಆ ಮನುಷ್ಯನನ್ನು ಮಾತ್ರ ಯಾರೂ ಕೇಳಲಿಲ್ಲ. ಸೋಶಿಯಲ್ ಮೀಡಿಯಾ ಈ ಮೂರು ಮೆಟ್ಟಿಲುಗಳನ್ನು ತಲೆಕೆಳಗು ಮಾಡಿಬಿಡತ್ತೆ. ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪ್, ಕಾಲೇಜ್ ಗ್ರೂಪ್ ನೋಡಿ, ಅಲ್ಲೂ ಇದೇ ಕಥೆ. ನೀವು ಯಾವ ಧರ್ಮದವರಾದರೂ ಈ ಮೆಟ್ಟಿಲಿನ ಲೆಕ್ಕ ಉಪಯೋಗಕ್ಕೆ ಬರತ್ತೆ.

ಇನ್ನೊಂದು, ಅದೇ ಸುವಾರ್ತೆಯ 6ನೇ ಅಧ್ಯಾಯ. ದಾನ ಗುಟ್ಟಾಗಿರಲಿ, ಪ್ರಾರ್ಥನೆ ಬಾಗಿಲು ಹಾಕಿದ ಕೋಣೆಯಲ್ಲಿರಲಿ ಅನ್ನೋದು ಅಲ್ಲಿನ ಬೋಧನೆ. ನಾನು ಅನಾಥಾಶ್ರಮಕ್ಕೆ ಅಕ್ಕಿ ಕೊಟ್ಟಾಗ ತೆಗೆದ ಸೆಲ್ಫಿ ನೆನಪಾಗಿ ನಾಚಿಕೆಯಾಯಿತು. ಆ ದಿನ ಎಷ್ಟು ಲೈಕ್ ಬಂತು ಅಂತ ನೆನಪಿದೆ. ಒಬ್ಬ ಮಗುವಿನ ಹೆಸರೂ ನೆನಪಿಲ್ಲ.

ಹಾಗಂತ ಫೋನ್ ಬಿಸಾಡಬೇಕಾ? ಈಸ್ಟರ್‌ಗೆ ಮುಂಚಿನ 40 ದಿನಗಳ ಉಪವಾಸ ಕಾಲದಲ್ಲಿ ನಮ್ಮ ವಯಸ್ಸಿನವರು ಈಗ ಮಾಂಸದ ಬದಲು ಇನ್‌ಸ್ಟಾಗ್ರಾಂ ಬಿಡ್ತಾರೆ. ನಾನೂ ಎರಡು ವರ್ಷ ಬಿಟ್ಟೆ. ಈಸ್ಟರ್ ದಿನ ಊಟ ಮುಗಿಸಿ ಮತ್ತೆ ಇನ್‌ಸ್ಟಾಲ್ ಮಾಡಿ ಮೂರು ಗಂಟೆ ರೀಲ್ಸ್ ನೋಡಿದೆ! ಉಪವಾಸ ಒಳ್ಳೆಯದೇ, ಆದರೆ ಉಪವಾಸ ಮುಗಿದ ಮೇಲೆ ಹೇಗೆ ಉಣ್ಣಬೇಕು ಅನ್ನೋದನ್ನೂ ಕಲೀಬೇಕು.

ಮಾಧ್ಯಮ ನಮ್ಮವರಿಗೆ ಹೊಸತೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದವರು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್. 2020ರ ಲಾಕ್‌ಡೌನ್‌ನಲ್ಲಿ ದೇವಾಲಯದ ಬಾಗಿಲು ಮುಚ್ಚಿದಾಗ ನಮ್ಮಜ್ಜಿ ಯೂಟ್ಯೂಬಿನಲ್ಲಿ ಆರಾಧನೆ ನೋಡಿದಳು, ಸೆರಗು ತಲೆ ಮೇಲೆ ಹೊದ್ದುಕೊಂಡು, ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ. ಈಗ ಮಂಡಿನೋವಿಂದ ಮನೆ ದಾಟಲಾರದ ಅವಳಿಗೆ ಅದೇ ದೇವಾಲಯ. ರಕ್ತ ಬೇಕು ಅಂತ ಕೇಳಿದ್ದಕ್ಕೆ ಅರ್ಧ ಗಂಟೆಯಲ್ಲಿ ಇಬ್ಬರು ಓಡಿ ಬಂದದ್ದೂ ಅದೇ ಯೌವನಸ್ಥರ ಗ್ರೂಪಿನಿಂದ.

ಹಾಗಾಗಿ ನಾನು ಫೋನ್ ಬಿಡಲಿಲ್ಲ. ಕರೆ ಮತ್ತು ಮನೆಯವರ ಮೆಸೇಜ್ ಬಿಟ್ಟು ಬೇರೆಲ್ಲ ನೋಟಿಫಿಕೇಶನ್ ಬಂದ್ ಮಾಡಿದೆ. ಅದನ್ನು ತಯಾರಿಸುವವನೇ ಹೇಳ್ತಿದ್ದೀನಿ, ನಂಬಿ, ಏನೂ ತಪ್ಪಿಹೋಗಲ್ಲ. ರಾತ್ರಿ ಫೋನ್ ಅಡುಗೆಮನೆಯಲ್ಲಿ ಚಾರ್ಜ್ ಆಗತ್ತೆ. ಭಾನುವಾರ ವಿಶ್ರಾಂತಿ ದಿನ, ಸಂಜೆಯವರೆಗೆ ಫೀಡ್ ಮುಟ್ಟೋದಿಲ್ಲ. ಒಬ್ಬರ ಬಗ್ಗೆ ಏನಾದರೂ ಬಂದರೆ, ಅವರ ಮುಖ ನೋಡಿ ಇದನ್ನು ಹೇಳಬಲ್ಲೆನಾ ಅಂತ ಕೇಳಿಕೊಳ್ತೀನಿ. ಹೇಳಲಾರೆ ಅನಿಸಿದರೆ ಅದು ನನ್ನಲ್ಲೇ ನಿಲ್ಲತ್ತೆ. ಆಫೀಸಿನಲ್ಲಿ ರಾತ್ರಿ ಹತ್ತರ ನಂತರ ನೋಟಿಫಿಕೇಶನ್ ಕಳಿಸೋದು ಬೇಡ ಅಂತ ವಾದ ಮಾಡಿದೆ. ಹನ್ನೊಂದಕ್ಕೆ ಒಪ್ಪಿದರು.

ಮೂರನೇ ವಾರ ರೈಲು ಹತ್ತಿ ಊರಿಗೆ ಹೋದೆ. ಹಿರಿಯರ ಮನೆಯಲ್ಲಿ ಕಾಕು ಮಾತಿಲ್ಲದೆ ಚಹಾ ತಂದಿಟ್ಟರು. ನಾನು ಕಲಿತುಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. ‘ಕಾಕಾ, ತಪ್ಪಾತು’ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನನ್ನ ನಂಬರ್ ನಿನ್ನ ಹತ್ರ ಇತ್ತಲ್ಲಪಾ. ಒಂದ್ ಫೋನ್ ಮಾಡಿ ಕೇಳಿದ್ರ ಆಗ್ತಿತ್ತು’ ಅಂದರು. ಆಮೇಲೆ ‘ಚಹಾ ಆರ್ತದ, ಕುಡಿ’ ಅಂದರು.

ಅವರು ಈಗ ಮತ್ತೆ ಆರಾಧನೆಗೆ ಬರ್ತಾರೆ. ಆದರೆ ಮೊದಲಿನ ಹಾಗೆ ಮುಂದಿನ ಬೆಂಚಿನಲ್ಲಿ ಕೂರೋದಿಲ್ಲ, ಬಾಗಿಲ ಹತ್ತಿರ ಕೂರ್ತಾರೆ. ಊರಿಗೆ ಹೋದಾಗೆಲ್ಲ ನಾನೂ ಅವರ ಪಕ್ಕವೇ ಕೂರ್ತೀನಿ.

ಈ ವಾರ ನಿಮ್ಮ ಗ್ರೂಪಿಗೆ ಯಾರದೋ ಹೆಸರಿರುವ ಒಂದು ಸ್ಕ್ರೀನ್‌ಶಾಟ್ ಬಂದೇ ಬರತ್ತೆ. ಅವರ ನಂಬರ್ ನಿಮ್ಮ ಹತ್ತಿರ ಇದೆಯಾ, ಮೊದಲು ಅದನ್ನು ನೋಡಿ.