ಒಬ್ಬನೇ ಗ್ರಾಹಕ ಮತ್ತು ಮೇಬ್ಯಾಕ್ ಕಾರು

ಮೇಬ್ಯಾಕ್ ಎಂದೊಡನೆ ಕೋಟಿಗಟ್ಟಲೆ ಬೆಲೆಯ ವೈಭವದ ಕಾರು ಕಣ್ಮುಂದೆ ನಿಲ್ಲುತ್ತದೆ. ಉದ್ಯಮ ಕುರಿತ ಉಪನ್ಯಾಸಗಳಲ್ಲಿ ಈ ಹೆಸರನ್ನು ಬ್ರಾಂಡ್ ನಿರ್ಮಾಣಕ್ಕೆ ಉದಾಹರಣೆಯಾಗಿ ನೀಡುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ ಸಣ್ಣ ತಯಾರಕರು ಗಮನಿಸಬೇಕಾದುದು ಆ ವೈಭವವನ್ನಲ್ಲ, ಆ ಕಾರು ಹುಟ್ಟಿದ ಸಂಕಟವನ್ನು.

ಜರ್ಮನಿಯಲ್ಲಿ 1909ರಲ್ಲಿ ಈ ಸಂಸ್ಥೆ ಸ್ಥಾಪಿತವಾದದ್ದು ಕೌಂಟ್ ಜೆಪ್ಪೆಲಿನ್‌ರ ವಾಯುನೌಕೆಗಳಿಗೆ ಎಂಜಿನ್ ಒದಗಿಸುವುದಕ್ಕಾಗಿ. ವಿಲ್‌ಹೆಲ್ಮ್ ಮೇಬ್ಯಾಕ್‌ರ ಪುತ್ರ ಕಾರ್ಲ್ ಅದರ ತಾಂತ್ರಿಕ ಹೊಣೆ ಹೊತ್ತಿದ್ದರು. ಯುದ್ಧ ಮುಗಿದು 1919ರ ವರ್ಸೇಲ್ಸ್ ಒಪ್ಪಂದವು ವಿಮಾನ ಎಂಜಿನ್ ತಯಾರಿಕೆಗೆ ನಿರ್ಬಂಧ ಹೇರಿದಾಗ ಫ್ರೀಡ್ರಿಕ್ಸ್‌ಹಾಫನ್‌ನ ಕಾರ್ಖಾನೆಯಲ್ಲಿ ಯಂತ್ರಗಳಿದ್ದವು, ನುರಿತ ಕೆಲಸಗಾರರಿದ್ದರು, ಕೊಳ್ಳುವವರಿರಲಿಲ್ಲ. ಸ್ಥಿರ ವೆಚ್ಚಗಳು ಒಪ್ಪಂದದ ಕಲಮುಗಳನ್ನು ಓದಿ ನಿಲ್ಲುವುದಿಲ್ಲವಷ್ಟೆ!

ಕಾರು ತಯಾರಕರಿಗೆ ಎಂಜಿನ್ ಮಾರುವ ಪ್ರಯತ್ನ ನಡೆಯಿತು. ಹಾಲೆಂಡಿನ ಸ್ಪೈಕರ್ ಸಂಸ್ಥೆ ದೊಡ್ಡ ಬೇಡಿಕೆಯನ್ನೇ ಸಲ್ಲಿಸಿತು. ಆದರೆ ತನ್ನ ಆರ್ಥಿಕ ಮುಗ್ಗಟ್ಟಿನಿಂದಾಗಿ ಅದರ ಅಲ್ಪಭಾಗವನ್ನು ಮಾತ್ರ ಪಡೆದುಕೊಂಡಿತು. ಹೀಗೆ ಎರಡನೆಯ ಬಾರಿಗೂ ಒಬ್ಬನೇ ದೊಡ್ಡ ಗ್ರಾಹಕನನ್ನು ನಂಬಿ ಕೈಸುಟ್ಟುಕೊಂಡ ಮೇಲೆ, ಕಾರ್ಲ್ ಮೇಬ್ಯಾಕ್ ತಾವೇ ಕಾರು ನಿರ್ಮಿಸಲು ಮುಂದಾದರು. 1921ರ ಬರ್ಲಿನ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಡಬ್ಲ್ಯು-3 ಮಾದರಿಗೆ 5.7 ಲೀಟರಿನ ಆರು ಸಿಲಿಂಡರ್ ಎಂಜಿನ್, 70 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಬ್ರೇಕು.

ಲೆಕ್ಕಪರಿಶೋಧಕನ ಕಣ್ಣಿಗೆ ಇಲ್ಲಿ ಇನ್ನೊಂದು ಸಂಗತಿ ಹಿಡಿಸುತ್ತದೆ. ಸಂಸ್ಥೆ ಮಾರುತ್ತಿದ್ದುದು ಎಂಜಿನ್ ಸಹಿತವಾದ ಚಾಸಿಯನ್ನು ಮಾತ್ರ. ಮೇಲ್ಕವಚವನ್ನು ಗ್ರಾಹಕರೇ ರಾವೆನ್ಸ್‌ಬರ್ಗ್‌ನ ಸ್ಪೋನ್ ಮುಂತಾದ ಕವಚ ತಯಾರಕರಿಂದ ಕಟ್ಟಿಸಿಕೊಳ್ಳುತ್ತಿದ್ದರು. ಅದು ಆ ಕಾಲದ ರೂಢಿಯೇ ಆಗಿದ್ದರೂ, ಮರ, ಚರ್ಮ, ಬಣ್ಣಗಳ ದಾಸ್ತಾನಿನಲ್ಲಿ ದುಡಿಯುವ ಬಂಡವಾಳ ಹೂತುಹೋಗುವುದು ಇದರಿಂದ ತಪ್ಪಿತು.

1930ರಲ್ಲಿ ಬಂದ ಹನ್ನೆರಡು ಸಿಲಿಂಡರಿನ ‘ಜೆಪ್ಪೆಲಿನ್’ ಮಾದರಿ ಕೀರ್ತಿಯ ಶಿಖರ. ಆದರೆ ಸುಮಾರು ಎರಡು ದಶಕಗಳಲ್ಲಿ ತಯಾರಾದ ಕಾರುಗಳ ಒಟ್ಟು ಸಂಖ್ಯೆ 1,800ರ ಆಸುಪಾಸು! ಇಷ್ಟು ವಹಿವಾಟಿನಿಂದ ಒಂದು ಕಾರ್ಖಾನೆ ಬದುಕದು. 1928ರ ಗ್ರಾಫ್ ಜೆಪ್ಪೆಲಿನ್ ವಾಯುನೌಕೆಗೆ ಐದು ಎಂಜಿನ್‌ಗಳನ್ನು ಒದಗಿಸಿದ್ದು ಈ ಸಂಸ್ಥೆಯೇ. 1933ರಲ್ಲಿ ಬರ್ಲಿನ್-ಹ್ಯಾಂಬರ್ಗ್ ನಡುವೆ ಓಡತೊಡಗಿದ ವೇಗದ ರೈಲಿಗೆ ತಲಾ 410 ಅಶ್ವಶಕ್ತಿಯ ಎರಡು ಡೀಸೆಲ್ ಎಂಜಿನ್‌ಗಳನ್ನು ನೀಡಿದ್ದೂ ಇದೇ. ಕಾರು ಹೆಸರು ತಂದಿತು. ಅನ್ನಕ್ಕೆ ಎಂಜಿನ್ ಬೇಕಾಯಿತು ಎಂದೇ ನಾನು ಭಾವಿಸುತ್ತೇನೆ.

ನಮ್ಮ ಬಿಡಿಭಾಗ ತಯಾರಕರಲ್ಲಿ ಅನೇಕರ ಮಾರಾಟದ ಬಹುಪಾಲು ಒಂದೇ ಕಂಪನಿಗೆ ಹೋಗುತ್ತದೆ. ಆದಾಯದ ಶೇ. 10 ಅಥವಾ ಹೆಚ್ಚು ಪಾಲು ಒಬ್ಬನೇ ಗ್ರಾಹಕನಿಂದ ಬಂದರೆ ಅದನ್ನು ಪ್ರಕಟಿಸಬೇಕೆಂದು ಇಂಡ್ ಎಎಸ್ 108 ಹೇಳುತ್ತದೆ. ಆ ಮಾನದಂಡ ಸಣ್ಣ ಘಟಕಗಳಿಗೆ ಅನ್ವಯಿಸದು. ಆದರೂ ವರ್ಷಾಂತ್ಯದಲ್ಲಿ ಆ ಶೇಕಡಾವಾರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲು ಯಾವ ಕಾನೂನೂ ಬೇಕಿಲ್ಲ.

ಎರಡನೆಯ ಮಹಾಯುದ್ಧದೊಂದಿಗೆ ನಿಂತ ಕಾರು ತಯಾರಿಕೆಯನ್ನು ಆ ಸಂಸ್ಥೆ ಮತ್ತೆ ಆರಂಭಿಸಲಿಲ್ಲ. 1960ರಲ್ಲಿ ಅದು ಡೈಮ್ಲರ್-ಬೆಂಜ್ ವಶವಾಯಿತು; ಕಾರಿನ ಮೇಲೆ ಆ ಹೆಸರು ಮರಳಿದ್ದು 2002ರಲ್ಲಿ. ಫ್ರೀಡ್ರಿಕ್ಸ್‌ಹಾಫನ್‌ನಲ್ಲಿ ಎಂಜಿನ್ ತಯಾರಿಕೆ ಮಾತ್ರ, ಬೇರೆ ಒಡೆತನದಲ್ಲಿ, ಇಂದಿಗೂ ನಡೆದಿದೆ.