ಬೇಸಿಗೆಯ ಕಚೇರಿ ಮತ್ತು ಖಾಲಿ ಕುರ್ಚಿ

ಜುಲೈ ತಿಂಗಳ ಉತ್ತರಾರ್ಧದಲ್ಲಿ ಟೋಕಿಯೊ ಸೀಮೆಯ ಮಳೆಗಾಲ ಮುಗಿಯುತ್ತದೆ. ಆ ಬಳಿಕದ ಆರೇಳು ವಾರಗಳಲ್ಲಿ ಇಲ್ಲಿ ಬಿಸಿಲಿಗಿಂತ ಸೆಖೆಯೇ ಹೆಚ್ಚು ಪೀಡಿಸುತ್ತದೆ. ಉಷ್ಣಾಂಶ 35 ಡಿಗ್ರಿ ದಾಟಿದ ದಿನಗಳಲ್ಲಿ ವಯಸ್ಸಾದವರು ಮನೆಯಿಂದ ಹೊರಬರದಿರುವುದೇ ಲೇಸು ಎಂದು ಸರ್ಕಾರ ಎಚ್ಚರಿಸುತ್ತದೆ. ವೈದ್ಯನಾದ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಂಥ ಮಧ್ಯಾಹ್ನಗಳಲ್ಲಿಯೇ ಕಾವಾಸಾಕಿ ರೈಲು ನಿಲ್ದಾಣದ ಪಶ್ಚಿಮ ದ್ವಾರದಿಂದ ಎಪ್ಪತ್ತು ದಾಟಿದ ಸ್ತ್ರೀಪುರುಷರು ಕೊಡೆ ಹಿಡಿದು, ಕೊರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಸಾವಕಾಶವಾಗಿ ಒಂದೇ ದಿಕ್ಕಿಗೆ ನಡೆಯುತ್ತಿರುತ್ತಾರೆ. ಅವರು ಹೊರಟಿರುವುದು ಸಂಗೀತ ಕೇಳುವುದಕ್ಕೆ.

ಸಂಗೀತಕ್ಕೆ ಕೇಳುಗರಿಲ್ಲ, ಶಾಸ್ತ್ರೀಯ ಕಲೆಗಳ ಕಾಲ ಮುಗಿಯಿತು ಎಂಬ ಮಾತನ್ನು ಊರಿನಿಂದ ಬರುವ ಪ್ರತಿಯೊಂದು ದೂರವಾಣಿ ಕರೆಯಲ್ಲಿಯೂ ಕೇಳುತ್ತಿರುವ ನನಗೆ ಈ ಮೆರವಣಿಗೆ ಬಹಳ ದಿನ ಒಗಟಾಗಿತ್ತು. ಜಪಾನೀಯರಿಗೆ ಸಂಗೀತದ ಮೇಲೆ ಹುಟ್ಟಿನಿಂದ ಬಂದ ವಿಶೇಷ ಒಲವಿದೆ ಎಂದು ಮೊದಲು ನಂಬಿದ್ದೆ. ಇಷ್ಟು ವರ್ಷ ಇಲ್ಲಿದ್ದ ಮೇಲೆ ಆ ನಂಬಿಕೆ ಉಳಿದಿಲ್ಲ. ಕೇಳುಗರು ತಾವಾಗಿ ಹುಟ್ಟುವುದಿಲ್ಲ. ಯಾರೋ ಶ್ರಮಪಟ್ಟು, ತಾಳ್ಮೆಯಿಂದ ಅವರನ್ನು ಬೆಳೆಸಿರುತ್ತಾರೆ. ಆ ಶ್ರಮ ನಿಂತ ಕಡೆ ಕುರ್ಚಿಗಳು ಖಾಲಿಯಾಗುತ್ತವೆ.

ಕಾವಾಸಾಕಿಯು ಟೋಕಿಯೊ ಮತ್ತು ಯೊಕೊಹಾಮಾಗಳ ನಡುವಣ ಕೈಗಾರಿಕಾ ನಗರ. ಮಕ್ಕಳ ವೈದ್ಯರೆಲ್ಲ ಬಲ್ಲ ‘ಕಾವಾಸಾಕಿ ಕಾಯಿಲೆ’ಗೂ ಈ ಊರಿಗೂ ಸಂಬಂಧವಿಲ್ಲ, ಅದು ತೊಮಿಸಾಕು ಕಾವಾಸಾಕಿ ಎಂಬ ವೈದ್ಯರ ಹೆಸರಿನದು. ಆದರೆ ಊರಿನದೇ ಆದ ಕಾಯಿಲೆಯೊಂದಿತ್ತು: ಕಾರ್ಖಾನೆಗಳ ಹೊಗೆಯಿಂದ ಬಂದ ಉಬ್ಬಸ. ಅದರಿಂದ ನರಳಿದವರು 1982ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದರು. ಹೊಗೆಗೆ ಹೆಸರಾದ ಈ ನಗರ ತನ್ನನ್ನು ‘ಸಂಗೀತದ ಊರು’ ಎಂದು ಕರೆದುಕೊಳ್ಳಲು ನಿಶ್ಚಯಿಸಿ, 2004ರಲ್ಲಿ ನಿಲ್ದಾಣದ ಪಕ್ಕದಲ್ಲಿಯೇ ಮ್ಯೂಜಾ ಎಂಬ ಸಭಾಂಗಣವನ್ನು ತೆರೆಯಿತು. ಸುಮಾರು ಎರಡು ಸಾವಿರ ಆಸನಗಳು ವೇದಿಕೆಯನ್ನು ಸುರುಳಿಯಾಗಿ ಸುತ್ತುವರಿದಿರುವುದರಿಂದ ಯಾವ ಮೂಲೆಯಲ್ಲಿ ಕುಳಿತವರಿಗೂ ತಾವು ದೂರವಿದ್ದೇವೆ ಎನಿಸುವುದಿಲ್ಲ.

ಮರುವರ್ಷವೇ, 2005ರಲ್ಲಿ, ‘ಫೆಸ್ಟಾ ಸಮ್ಮರ್ ಮ್ಯೂಜಾ’ ಎಂಬ ಬೇಸಿಗೆಯ ಸಂಗೀತೋತ್ಸವ ಆರಂಭವಾಯಿತು. ನಮ್ಮ ಊರುಗಳಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನಲ್ಲಿ ಚಿತ್ರಗೀತೆ ಹಾಡುವ ತಂಡ. ಇಲ್ಲಿ ಅದು ಎಂಬತ್ತು ತೊಂಬತ್ತು ಮಂದಿ ಕುಳಿತು ಬೀಥೋವನ್, ಬ್ರಾಮ್ಸ್, ಚೈಕೋವ್ಸ್ಕಿಯವರ ಕೃತಿಗಳನ್ನು ನುಡಿಸುವ ವಾದ್ಯವೃಂದ. ಟೋಕಿಯೊ ಸುತ್ತಮುತ್ತ ವೃತ್ತಿಪರ ವಾದ್ಯವೃಂದಗಳೇ ಹತ್ತರಷ್ಟಿವೆ. ಬೇಸಿಗೆಯಲ್ಲಿ ಅವುಗಳ ಮಾಮೂಲು ಕಚೇರಿಗಳು ವಿರಳ. ಆ ಬಿಡುವನ್ನೇ ಬಳಸಿಕೊಂಡು ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅವನ್ನು ಒಂದಾದ ಮೇಲೊಂದರಂತೆ ಒಂದೇ ವೇದಿಕೆಗೆ ಕರೆಯುವುದು ಈ ಉತ್ಸವದ ಕ್ರಮ. ಒಂದೇ ಸಭಾಂಗಣದಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಕೇಳುವುದರಿಂದ, ಒಂದು ವೃಂದದ ನಾದಕ್ಕೂ ಇನ್ನೊಂದರ ನಾದಕ್ಕೂ ಇರುವ ವ್ಯತ್ಯಾಸ ನನ್ನಂಥ ಅನಕ್ಷರಸ್ಥನ ಕಿವಿಗೂ ತಿಳಿಯತೊಡಗುತ್ತದೆ. ಟಿಕೆಟಿನ ದರ ವರ್ಷದ ಉಳಿದ ಕಚೇರಿಗಳಿಗಿಂತ ಕಡಿಮೆ. ಹಲವು ದಿನ ಟಿಕೆಟ್ ಕೊಂಡವರು ಬೇಗ ಬಂದರೆ ಅಂದಿನ ತಾಲೀಮನ್ನೂ ನೋಡಬಹುದು. ನಿರ್ದೇಶಕರು ನಡುವೆ ತಡೆದು, ಒಂದೇ ಸಾಲನ್ನು ಮೂರು ಬಾರಿ ನುಡಿಸಿ, ತಿದ್ದುವುದನ್ನು ಕಂಡವನಿಗೆ ಸಂಜೆ ಅದೇ ಸಾಲು ಬಂದಾಗ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಮಕ್ಕಳಿಗೆಂದೇ ಪ್ರತ್ಯೇಕ ಕಚೇರಿಗಳಿವೆ.

ಕೇಳುಗರ ಆಸಕ್ತಿಗೆ ಒಂದು ಕಠಿಣ ಪರೀಕ್ಷೆಯೂ ಒದಗಿತ್ತು. 2011ರ ಮಾರ್ಚ್ 11ರ ಭೂಕಂಪದಲ್ಲಿ ಈ ಸಭಾಂಗಣದ ಒಳಚಾವಣಿ ಕುಸಿದು ಆಸನಗಳ ಮೇಲೆ ಬಿತ್ತು. ಆ ಹೊತ್ತಿನಲ್ಲಿ ಕಚೇರಿ ಇರಲಿಲ್ಲ ಎಂಬುದೇ ಪುಣ್ಯ. ಬಾಗಿಲು ಮತ್ತೆ ತೆರೆದದ್ದು 2013ರ ಏಪ್ರಿಲ್‌ನಲ್ಲಿ. ನಡುವಣ ಎರಡು ಬೇಸಿಗೆಗಳಲ್ಲಿಯೂ ಉತ್ಸವವನ್ನು ನಿಲ್ಲಿಸದೆ ಊರಿನ ಬೇರೆ ಸಭಾಂಗಣಗಳಲ್ಲಿ ನಡೆಸಲಾಯಿತು. ಒಂದು ವರ್ಷ ಬಿಟ್ಟರೆ ಕೇಳುಗರ ಅಭ್ಯಾಸ ತಪ್ಪುತ್ತದೆ ಎಂಬುದನ್ನು ಬಲ್ಲವರು ಮಾತ್ರ ಹೀಗೆ ಮಾಡಬಲ್ಲರು.

ಬೇಸಿಗೆಯ ಸಂಗೀತ ಕಾವಾಸಾಕಿಗೆ ಸೀಮಿತವಲ್ಲ. ಉತ್ತರದ ಸಾಪ್ಪೊರೊದಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ 1990ರಲ್ಲಿ ಆರಂಭಿಸಿದ ಉತ್ಸವಕ್ಕೆ ಪ್ರಪಂಚದ ನಾನಾ ದೇಶಗಳಿಂದ ಎಳೆಯ ವಾದಕರು ಕಲಿಯಲು ಬರುತ್ತಾರೆ. ಬರ್ನ್‌ಸ್ಟೈನ್ ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರೂ ಅವರು ನೆಟ್ಟ ಗಿಡ ಉಳಿದಿದೆ. ಪರ್ವತಗಳ ನಡುವಣ ಮಾತ್ಸುಮೊತೊದಲ್ಲಿ ಸೇಜಿ ಒಜಾವಾ 1992ರಲ್ಲಿ ತಮ್ಮ ಗುರು ಹಿದೆಯೊ ಸೈತೊ ಅವರ ಹೆಸರಿನಲ್ಲಿ ಉತ್ಸವ ತೊಡಗಿಸಿದರು. ಗುರುವಿನ ನೆನಪಿಗೆ ಶಿಷ್ಯ ಸಂಗೀತೋತ್ಸವ ಮಾಡುವುದು ನಮಗೆ ಹೊಸತಲ್ಲ. ಕುಂದಗೋಳದ ಸವಾಯಿ ಗಂಧರ್ವರಿಗಾಗಿ ಭೀಮಸೇನ ಜೋಶಿಯವರು 1953ರಿಂದ ಪುಣೆಯಲ್ಲಿ ಮಾಡಿದ್ದೂ ಅದನ್ನೇ.

ಈ ಉತ್ಸವಗಳ ಬೇರು ಶಾಲೆಯಲ್ಲಿದೆ. 1879ರಲ್ಲಿ ಜಪಾನ್ ಸರ್ಕಾರ ಸಂಗೀತ ಶಿಕ್ಷಣಕ್ಕೆಂದೇ ಒಂದು ಅಧ್ಯಯನ ಸಂಸ್ಥೆಯನ್ನು ನೇಮಿಸಿ, ಇಸಾವಾ ಶೂಜಿ ಎಂಬವರಿಗೆ ಅದರ ಹೊಣೆ ವಹಿಸಿತು. ಪಾಶ್ಚಾತ್ಯ ಸಂಗೀತ ಅಂದು ಈ ನಾಡಿಗೆ ಅಪರಿಚಿತ ವಿದ್ಯೆ. ಇಂದು ಸಾಮಾನ್ಯ ಶಾಲೆಯಲ್ಲಿಯೂ ವಾದ್ಯವೃಂದ ಅಥವಾ ಗಾಯನವೃಂದ ಇರುವುದು ಸಹಜ. ಮಧ್ಯಾಹ್ನ ಪಾಠ ಮುಗಿದ ಮೇಲೆ ತುತ್ತೂರಿ ಅಭ್ಯಾಸ ಮಾಡುವ ಹುಡುಗಿಯರ ಸದ್ದು ಕೇಳದ ಬಡಾವಣೆ ಇಲ್ಲಿ ಅಪರೂಪ. ಅವರಲ್ಲಿ ಬಹುಮಂದಿ ವಾದಕರಾಗುವುದಿಲ್ಲ. ಗುಮಾಸ್ತರೋ ದಾದಿಯರೋ ಆಗುತ್ತಾರೆ. ಆದರೆ ನಲವತ್ತು ವರ್ಷದ ಬಳಿಕ ಅವರೇ ಕೇಳುಗರಾಗಿ ಬಂದು ಕೂರುತ್ತಾರೆ. ಒಮ್ಮೆ ವಾದ್ಯ ಹಿಡಿದ ಕೈಗೆ ಅದರ ಕಷ್ಟ ಗೊತ್ತು; ಆ ಗೌರವವೇ ಟಿಕೆಟ್ ಕೊಳ್ಳುತ್ತದೆ.

ಇಷ್ಟರಿಂದ ಜಪಾನಿನಲ್ಲಿ ಎಲ್ಲವೂ ಸುಭಿಕ್ಷವಾಗಿದೆ ಎಂದು ಹೇಳಲಾರೆ. ಇಲ್ಲಿನ ಜನಸಂಖ್ಯೆಯಲ್ಲಿ ಅರುವತ್ತೈದು ದಾಟಿದವರ ಪ್ರಮಾಣ ಶೇಕಡ 29ರಷ್ಟು. ಸಭಾಂಗಣದಲ್ಲಿ ಮೇಲಿನ ಸಾಲಿನಿಂದ ಕೆಳಗೆ ನೋಡಿದರೆ ಅದಕ್ಕಿಂತಲೂ ಹೆಚ್ಚು ಬಿಳಿಯ ತಲೆಗಳು ಕಾಣುತ್ತವೆ. ಇಲ್ಲಿನ ನಿಶ್ಶಬ್ದವೂ ಹೊಸಬರನ್ನು ಅಂಜಿಸುವಂಥದು. ಕೆಮ್ಮು ಬರಬಹುದೆಂದು ಶಂಕಿಸಿ ಕಚೇರಿಗೆ ಮುನ್ನವೇ ಮಿಠಾಯಿಯ ಕಾಗದ ಬಿಡಿಸಿಟ್ಟುಕೊಳ್ಳುವ ಜನ ಇವರು. ನಾನು ಮೊದಲ ಬಾರಿ ಹೋದಾಗ ಕೃತಿಯ ಒಂದು ಭಾಗ ಮುಗಿದೊಡನೆ, ಇಡೀ ಕೃತಿಯೇ ಮುಗಿಯಿತೆಂದು ಭ್ರಮಿಸಿ, ಒಬ್ಬನೇ ಚಪ್ಪಾಳೆ ತಟ್ಟಿದ್ದೆ. ಯಾರೂ ತಿರುಗಿ ನೋಡಲಿಲ್ಲ. ನೋಡದಿದ್ದುದೇ ಹೆಚ್ಚು ನಾಚಿಕೆಯಾಗಿತ್ತು.

ಕೆಲವು ವರ್ಷಗಳ ಹಿಂದೆ ನನ್ನ ತಂದೆ ಎರಡು ತಿಂಗಳಿಗೆಂದು ಇಲ್ಲಿಗೆ ಬಂದರು. ಅವರು ಬೆಂಗಳೂರಿನ ಚಾಮರಾಜಪೇಟೆಯ ಹಳೆಯ ಕೇಳುಗರು. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ನಡೆಯುವುದನ್ನು ಓದುಗರು ಬಲ್ಲರು. ಅದೂ ಬೇಸಿಗೆಯ ಉತ್ಸವವೇ. ಅಲ್ಲಿಯೂ ಒಂದು ತಿಂಗಳ ಕಾಲ ದಿನಕ್ಕೊಬ್ಬ ವಿದ್ವಾಂಸರು. ಒಳಗೆ ಹೋಗಲು ದುಡ್ಡಿಲ್ಲದ ವರ್ಷಗಳಲ್ಲಿ ತಂದೆ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕಾಂಪೌಂಡಿನ ಹೊರಗೆ ನಿಂತು ಕೇಳುತ್ತಿದ್ದರು. ನನಗೆ ರಾಗಗಳ ಹೆಸರು ಬರಲಿಲ್ಲ. ಆದರೆ ಸದ್ದಿಲ್ಲದೆ ಒಂದು ಗಂಟೆ ಕೂರುವ ಅಭ್ಯಾಸ ಬಂತು. ಅದು ಮುಂದೆ ವೈದ್ಯವೃತ್ತಿಯಲ್ಲಿಯೂ ಉಪಯೋಗಕ್ಕೆ ಬಂತು.

ಅವರನ್ನು ಕಾವಾಸಾಕಿಗೆ ಕರೆದೊಯ್ದೆ. ಕಚೇರಿಯ ಮೊದಲ ಭಾಗದಲ್ಲಿ ಅವರ ಬೆರಳುಗಳು ತೊಡೆಯ ಮೇಲೆ ತಾಳ ಹಾಕತೊಡಗಿದವು. ಪಕ್ಕದಲ್ಲಿದ್ದ ವೃದ್ಧೆ ಓರೆಗಣ್ಣಿನಿಂದ ನೋಡಿದರು. ತಂದೆ ಕೈ ತಡೆದುಕೊಂಡರು. ಬಿಡುವಿನ ವೇಳೆಯಲ್ಲಿ ಆಕೆಯೇ ನನ್ನೊಡನೆ ಮಾತು ತೆಗೆದು, ಇವರು ಏನನ್ನು ಎಣಿಸುತ್ತಿದ್ದರು ಎಂದು ವಿಚಾರಿಸಿದರು. ತಂದೆ ಆದಿತಾಳದ ಎಂಟು ಎಣಿಕೆಗಳನ್ನು ಹಾಕಿ ತೋರಿಸಿದರು. ಆಕೆ ಎರಡು ಬಾರಿ ತಪ್ಪಿ, ಮೂರನೆಯ ಬಾರಿ ಸರಿಯಾಗಿ ಹಾಕಿ, ಬಾಗಿ ವಂದಿಸಿದರು. ಇಬ್ಬರ ನಡುವೆ ಒಂದು ಪದವೂ ಸಮಾನವಾಗಿರಲಿಲ್ಲ.

ಹಿಂದಿರುಗುವಾಗ ರೈಲಿನಲ್ಲಿ ತಂದೆ ಕೇಳಿದರು: “ಇಲ್ಲೂ ಎಲ್ಲ ನಮ್ಮಂಥ ಮುದುಕರೇ ಅಲ್ವೇನೋ?”

ಹೌದೆಂದೆ.

“ನಮ್ಮಲ್ಲೂ ಹಾಗೇ. ಆದ್ರೆ ಇಲ್ಲಿ ಹುಡುಗರು ವಯಸ್ಸಾದ ಮೇಲಾದ್ರೂ ಬಂದು ಕೂತ್ಕೋತಾರೆ. ಇದೇ ಊರಲ್ಲಿ ಇರ್ತಾರಲ್ಲ. ನೀವೆಲ್ಲ ಹೊರಟು ಬಂದ್ಬಿಟ್ರಿ. ನಮ್ಮ ಕುರ್ಚೀಲಿ ಯಾರು ಕೂರ್ತಾರೆ?”

ಅವರು ಆಕ್ಷೇಪಣೆಯ ದನಿಯಲ್ಲಿ ಹೇಳಲಿಲ್ಲ. ಆದ್ದರಿಂದಲೇ ನನ್ನಲ್ಲಿ ಉತ್ತರವಿರಲಿಲ್ಲ. ಊರು ಬಿಟ್ಟವರು ತಮ್ಮೊಂದಿಗೆ ದುಡಿಮೆಯನ್ನು, ವಿದ್ಯೆಯನ್ನು ಕೊಂಡೊಯ್ಯುತ್ತಾರೆ ಎಂದು ನಾವು ಲೆಕ್ಕ ಹಾಕುತ್ತೇವೆ. ಚಪ್ಪರದಲ್ಲಿ, ಗ್ರಂಥಾಲಯದಲ್ಲಿ, ನಾಟಕದ ಮುಂದೆ ಅವರು ಕೂರಬೇಕಾಗಿದ್ದ ಒಂದೊಂದು ಕುರ್ಚಿಯನ್ನೂ ಖಾಲಿ ಮಾಡಿ ಹೋಗುತ್ತಾರೆ ಎಂಬುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಹೋದ ಕಡೆಯಾದರೂ ಒಂದು ಕುರ್ಚಿಯಲ್ಲಿ ಕೂರುತ್ತಾರೆಯೇ? ಬಹುಮಟ್ಟಿಗೆ ಇಲ್ಲ. ಕಚೇರಿ ಎಂದರೆ ಅವರಿಗೆ ಕೆಲಸದ ಕಚೇರಿ ಒಂದೇ. ಅಲ್ಲಿಂದ ಮನೆ, ಮನೆಯಿಂದ ಭಾರತೀಯ ದಿನಸಿಯ ಅಂಗಡಿ. ಐದು ವರ್ಷ ಹೀಗೆ ಕಳೆದು, ನಿದ್ದೆ ಬಾರದು, ತಲೆನೋವು ಬಿಡದು ಎಂದು ಬರುವ ಕನ್ನಡದ ತರುಣರನ್ನು ನಾನು ಕಂಡಿದ್ದೇನೆ. ಪರೀಕ್ಷೆಗಳಲ್ಲಿ ಏನೂ ಸಿಕ್ಕುವುದಿಲ್ಲ. ಎಲ್ಲ ತಲೆನೋವಿಗೂ ಏಕಾಂಗಿತನವೇ ಕಾರಣ ಎಂದು ವೈದ್ಯನಾಗಿ ನಾನು ಹೇಳಲಾರೆ. ಆದರೆ “ವಾರಾಂತ್ಯದಲ್ಲಿ ಎಲ್ಲಿಗೆ ಹೋಗುತ್ತೀರಿ?” ಎಂದು ಕೇಳಿದಾಗ ಬರುವ ಮೌನ ನನಗೆ ಪರಿಚಿತ. ನನ್ನ ಮೊದಲ ಮೂರು ವರ್ಷಗಳೂ ಹಾಗೆಯೇ ಕಳೆದಿದ್ದವು. ಹಿರಿಯ ಸಹೋದ್ಯೋಗಿಯೊಬ್ಬರು ತಾವು ಹೋಗಲಾಗದ ಕಚೇರಿಯ ಟಿಕೆಟನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗದಿದ್ದರೆ ನಾನು ಆ ತಪ್ಪು ಚಪ್ಪಾಳೆಯನ್ನೂ ತಟ್ಟುತ್ತಿರಲಿಲ್ಲ.

ಆದ್ದರಿಂದ ಇಲ್ಲಿಗೆ ಬರಲು ಸಿದ್ಧರಾಗುತ್ತಿರುವವರಿಗೆ ನನ್ನದೊಂದು ವಿನಂತಿ. ಭಾಷೆ ಕಲಿಯಿರಿ, ಅದಕ್ಕೆ ಪರ್ಯಾಯವಿಲ್ಲ. ಆದರೆ ಅದು ಕೈಗೂಡುವವರೆಗೆ ಬಾಗಿಲ ಹೊರಗೆ ನಿಂತಿರಬೇಡಿ. ಸಂಗೀತದ ಸಭಾಂಗಣದಲ್ಲಿ ನಿಮ್ಮ ಜಪಾನಿ ವ್ಯಾಕರಣವನ್ನು ಯಾರೂ ಪರೀಕ್ಷಿಸುವುದಿಲ್ಲ. ಒಳಗೆ ಹೋಗುವಾಗ ಕೈಗೆ ದಪ್ಪನೆಯ ಕರಪತ್ರಗಳ ಕಟ್ಟು ಕೊಡುತ್ತಾರೆ. ಮುಂದಿನ ಹಲವು ತಿಂಗಳ ಕಚೇರಿಗಳ ವಿವರ ಅದರಲ್ಲಿರುತ್ತದೆ. ಅದನ್ನು ಎಸೆಯದೆ ಮನೆಗೆ ತನ್ನಿ. ಶಾಲೆಗೆ ಸೇರದ ಎಳೆಯ ಮಕ್ಕಳಿಗೆ ಸಾಮಾನ್ಯ ಕಚೇರಿಗಳಲ್ಲಿ ಬಹುತೇಕ ಪ್ರವೇಶವಿಲ್ಲ. ಮೊದಲೇ ವಿಚಾರಿಸಿ, ಮಕ್ಕಳ ಕಚೇರಿಗೇ ಕರೆದೊಯ್ಯಿರಿ. ಮಾತ್ಸುಮೊತೊದಲ್ಲಿ ನೆಲೆಸಿ ಲಕ್ಷಾಂತರ ಮಕ್ಕಳಿಗೆ ಪಿಟೀಲಿನ ದಾರಿ ತೋರಿದ ಶಿನಿಚಿ ಸುಜುಕಿ ಅವರು, ಮಗು ತಾಯ್ನುಡಿಯನ್ನು ಕಲಿಯುವ ಬಗೆಯಲ್ಲಿಯೇ ಸಂಗೀತವನ್ನೂ ಕಲಿಯಬಲ್ಲದು ಎಂದು ನಂಬಿದ್ದರು: ಮೊದಲು ಕೇಳುವುದು, ಆಮೇಲೆ ಉಳಿದದ್ದು. ಮಕ್ಕಳಿಗೆ ಕನ್ನಡ ಉಳಿಯುತ್ತದೆಯೇ ಎಂದು ಚಿಂತಿಸುವ ತಂದೆತಾಯಿಗಳಿಗೂ ಈ ಮಾತು ಸಲ್ಲುತ್ತದೆ.

ಊರಿನಲ್ಲಿರುವ ಹಿರಿಯರಲ್ಲಿಯೂ ಒಂದು ಮಾತು. ಮಗನೋ ಮಗಳೋ ಫೋನು ಮಾಡಿದಾಗ ಸಂಬಳ, ಮನೆ, ಅಡುಗೆ ಇಷ್ಟನ್ನೇ ಕೇಳಬೇಡಿ. ಈ ವಾರ ಏನು ಕೇಳಿದಿರಿ, ಏನು ನೋಡಿದಿರಿ, ಯಾರ ಪಕ್ಕದಲ್ಲಿ ಕುಳಿತಿದ್ದಿರಿ ಎಂದೂ ಕೇಳಿ. ಉತ್ತರ ಬಾರದಿದ್ದರೆ ಅದನ್ನು ಗಮನಿಸಿ. ಬರುವ ರಾಮನವಮಿಗೆ ನೀವು ಚಪ್ಪರಕ್ಕೆ ಹೋಗುವಾಗ ಪಕ್ಕದ ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಅರ್ಧ ಗಂಟೆಯಲ್ಲಿ ಎದ್ದು ಹೋದರೂ ಬೇಸರಿಸಬೇಡಿ. ಕಾವಾಸಾಕಿಯ ನಗರಸಭೆ ಮಾಡುತ್ತಿರುವ ಕೆಲಸದ ಒಂದು ಭಾಗವನ್ನು ಮಾಡಲು ನಮಗೆ ನಗರಸಭೆಯ ಅಪ್ಪಣೆ ಬೇಕಾಗಿಲ್ಲ.

ನನ್ನ ತಂದೆಗೆ ಈಗ ಚಾಮರಾಜಪೇಟೆಯವರೆಗೆ ಹೋಗಿ ಬರುವ ಶಕ್ತಿಯಿಲ್ಲ. ಕಳೆದ ರಾಮನವಮಿಯ ಸಮಯಕ್ಕೆ ನಾನು ಹತ್ತು ದಿನಗಳ ರಜೆಯಲ್ಲಿ ಊರಿಗೆ ಹೋಗಿದ್ದಾಗ ಎರಡು ಸಂಜೆ ಅವರ ಬದಲಿಗೆ ನಾನು ಹೋಗಿ ಕುಳಿತೆ. ರಾತ್ರಿ ಮನೆಗೆ ಬಂದೊಡನೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಜನ ಬಂದಿದ್ದರೇ?